ಡಬ್ಬ ತುಂಬಿತೋ, ಗಾಡಿ ಬಂತೋ: ಕಸಕ್ಕೆ ಸೆನ್ಸರ್ ಹಾಕಿಸುವ ಮುಂಚೆ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸಭೆಯಲ್ಲಿ ನೀರಿನ ಟ್ಯಾಂಕರ್, ಪಾರ್ಕಿಂಗ್ ಜಗಳ ಮುಗಿದ ಮೇಲೆ ಈಗ ಇನ್ನೊಂದು ವಿಷಯ ಏಳುತ್ತಿದೆ: ಕಸದ ಡಬ್ಬ ಎಷ್ಟು ತುಂಬಿದೆ, ಎಷ್ಟು ತೂಗುತ್ತದೆ ಎಂದು ತಾನೇ ಅಳೆದು ತಿಳಿಸುವ ಸೆನ್ಸರ್ ಹಾಕಿಸೋಣವೇ, ಹಾಕಿಸಿದರೆ ಯಾವುದನ್ನು? ಒಬ್ಬರು ಅಲ್ಟ್ರಾಸಾನಿಕ್ ಎನ್ನುತ್ತಾರೆ, ಒಬ್ಬರು ತೂಕದ ಯಂತ್ರ ಸಾಕು ಎನ್ನುತ್ತಾರೆ, ಮತ್ತೊಬ್ಬರು ಮಗ ಕಾಲೇಜು ಪ್ರಾಜೆಕ್ಟಿಗೆ ಮಾಡಿದ್ದನ್ನೇ ತಂದು ಕೂರಿಸೋಣ ಎನ್ನುತ್ತಾರೆ. ವಾರ್ಡ್ ಸಮಿತಿಗಳಲ್ಲೂ ಟೆಕ್ ಪಾರ್ಕಿನ ನಿರ್ವಹಣೆಯವರಲ್ಲೂ ಇದೇ ಗೊಂದಲ.

ಗೊಂದಲಕ್ಕೆ ಒಂದು ಮೂಲವಿದೆ. ಮಾರಾಟಗಾರರ ಕ್ಯಾಟಲಾಗುಗಳೆಲ್ಲ ಬೀದಿ ಬೀದಿಯಲ್ಲಿ ದೊಡ್ಡ ತೊಟ್ಟಿ ನಿಲ್ಲಿಸಿರುವ ಊರುಗಳಿಗೆ ಬರೆದವು. ಅಲ್ಲಿ ಅರ್ಧ ತುಂಬಿದ ತೊಟ್ಟಿಯ ಹತ್ತಿರ ಲಾರಿ ಹೋಗದಿದ್ದರೆ ಡೀಸೆಲ್ ಉಳಿಯುತ್ತದೆ, ಸೆನ್ಸರಿನ ದುಡ್ಡು ಹುಟ್ಟುವುದು ಅದರಿಂದಲೇ. ನಮ್ಮಲ್ಲಿ ಬೀದಿ ತೊಟ್ಟಿಗಳನ್ನು ಬಹುತೇಕ ತೆಗೆದು ವರ್ಷಗಳಾದವು. ಆಟೊ ಟಿಪ್ಪರ್ ಬೀದಿಗೆ ಬರುತ್ತದೆ, ಪೌರಕಾರ್ಮಿಕರು ಬಾಗಿಲಲ್ಲಿ ಕಸ ಪಡೆಯುತ್ತಾರೆ, ಟಿಪ್ಪರಿನಿಂದ ಅದು ಕಸ ಒತ್ತಿ ತುಂಬುವ ದೊಡ್ಡ ಲಾರಿಗೆ, ಅಂದರೆ ಕಾಂಪ್ಯಾಕ್ಟರಿಗೆ ಹೋಗುತ್ತದೆ. ಹೇಗಿದ್ದರೂ ದಿನಾ ಬರಬೇಕಾದ ಗಾಡಿಗೆ ಡಬ್ಬ ಎಷ್ಟು ತುಂಬಿದೆ ಎಂಬ ಸುದ್ದಿಯಿಂದ ಏನಾಗಬೇಕು? ಸೆನ್ಸರ್ ಬೇಡವೆಂದಲ್ಲ, ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ.

ಅಳೆಯುವ ಮೊದಲು ಅಳೆಗೋಲು

ಎಲ್ಲಕ್ಕಿಂತ ಮೊದಲು ಇದನ್ನು ಕೇಳಿಕೊಳ್ಳಿ: ಸೆನ್ಸರ್ ಕೊಟ್ಟ ಸಂಖ್ಯೆ ನೋಡಿ ಯಾರು ಏನನ್ನು ಬದಲಾಯಿಸುತ್ತಾರೆ? ಗಾಡಿ ಬೇಗ ಬರುತ್ತದೆಯೇ, ಒಂದು ಟ್ರಿಪ್ ತಪ್ಪುತ್ತದೆಯೇ, ಬಿಲ್ಲಿನ ಮೊತ್ತ ಬದಲಾಗುತ್ತದೆಯೇ? ಯಾವುದೂ ಇಲ್ಲದಿದ್ದರೆ ಆ ಸೆನ್ಸರ್ ಗೋಡೆಯ ಟಿವಿಯಲ್ಲಿ ಹಸಿರು ಕೆಂಪು ತೋರಿಸಲು ಮಾತ್ರ.

ಎರಡನೆಯದು ಕಸದ ಜಾತಿ. 2015ರ ಹೈಕೋರ್ಟ್ ಆದೇಶದ ನಂತರ ನಗರದಲ್ಲಿ ರೂಢಿಗೆ ಬಂದ ಲೆಕ್ಕ ಎರಡು ಡಬ್ಬ, ಒಂದು ಚೀಲ: ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪಿಗೆ ಸ್ಯಾನಿಟರಿ ಕಸ, ಚೀಲಕ್ಕೆ ಒಣ ಕಸ. ಸೆನ್ಸರಿನ ಮಟ್ಟಿಗೆ ಇವು ಮೂರೂ ಬೇರೆ ಬೇರೆ ಪ್ರಾಣಿಗಳು. ಹಸಿ ಕಸ ಶೇ 40 ಮಾತ್ರ ತುಂಬಿದೆ ಎಂದು ಗೊತ್ತಾದರೂ ಅದನ್ನು ನಾಳೆಗೆ ಬಿಡುವಂತಿಲ್ಲ; ಬೇಸಿಗೆಯಲ್ಲಿ ಒಂದು ರಾತ್ರಿಗೆ ನಾರುತ್ತದೆ, ಇನ್ನೆರಡು ದಿನಕ್ಕೆ ಹುಳ. ಹಾಗಾಗಿ ಹಸಿ ಕಸಕ್ಕೆ ಎಷ್ಟು ತುಂಬಿದೆ ಎಂದು ಹೇಳುವ ಮಟ್ಟದ ಸೆನ್ಸರ್ ದಂಡ, ತೂಕ ಉಪಯೋಗ. ಒಣ ಕಸ ತಡೆಯುತ್ತದೆ, ಜಾಗ ತಿನ್ನುತ್ತದೆ, ತೂಕವಿಲ್ಲ. ಅದಕ್ಕೆ ಮಟ್ಟವೇ ಸರಿ. ಉದ್ಯಾನದ ಎಲೆ ಕಸವೂ ಹಾಗೆಯೇ.

ಮೂರನೆಯದು ಕರೆಂಟು ಮತ್ತು ನೆಟ್‌ವರ್ಕ್. ನಾಲ್ಕನೆಯದು ಬಹಳ ಜನ ಮರೆಯುವಂಥದ್ದು: ಆ ಡಬ್ಬವನ್ನು ಯಾರು ತೊಳೆಯುತ್ತಾರೆ, ಹೇಗೆ ಬೋರಲು ಹಾಕುತ್ತಾರೆ? ಪೈಪಿನ ನೀರು, ಫಿನಾಯಿಲ್, ಗಾಡಿಯ ಅಂಚಿಗೆ ಬಡಿಯುವ ಹೊಡೆತ, ಇವನ್ನು ತಡೆಯದ ಉಪಕರಣ ಮೂರು ತಿಂಗಳೂ ಬಾಳುವುದಿಲ್ಲ. ಕೊನೆಯದು ಮೂರು ವರ್ಷದ ಖರ್ಚು: ಕೊಂಡ ಬೆಲೆಗೆ ಸಿಮ್, ಬ್ಯಾಟರಿ, ವಾರ್ಷಿಕ ಚಂದಾ, ಒರೆಸುವವರ ಕೂಲಿ ಎಲ್ಲ ಸೇರಿಸಿ.

ಅಲ್ಟ್ರಾಸಾನಿಕ್: ಅಗ್ಗ, ಆದರೆ ಮೇಲಿನ ಕಾಲು ಭಾಗ ಕಾಣದು

ಮುಚ್ಚಳದ ಒಳಗಿನಿಂದ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಸದ್ದು ಬಿಟ್ಟು, ಅದು ಕಸಕ್ಕೆ ತಾಗಿ ಮರಳಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುವ ಸೆನ್ಸರ್ ಇದು. ಎಸ್.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ ಎಚ್‌ಸಿ-ಎಸ್‌ಆರ್04 ನೂರು ರೂಪಾಯಿಯ ಆಸುಪಾಸು, 2 ಸೆಂ.ಮೀ.ನಿಂದ 4 ಮೀಟರ್‌ವರೆಗೆ ಅಳೆಯುತ್ತದೆ. ಆದರೆ ಅದರ ಎರಡು ಕಣ್ಣುಗಳು ತೆರೆದ ಜಾಲರಿ. ಕಸದ ಆವಿ, ತೊಳೆದ ನೀರು ಒಳಗಿಳಿದರೆ ಮುಗಿಯಿತು. ಕಾಲೇಜು ಪ್ರಾಜೆಕ್ಟು ಮೇಜಿನ ಮೇಲೆ ಚೆನ್ನಾಗಿ ನಡೆದು ಡಬ್ಬದಲ್ಲಿ ಸಾಯುವುದು ಈ ಕಾರಣಕ್ಕೆ.

ಜಲನಿರೋಧಕ ಜೆಎಸ್‌ಎನ್-ಎಸ್‌ಆರ್04ಟಿ ಅದಕ್ಕಿಂತ ಮೂರ್ನಾಲ್ಕು ಪಟ್ಟು ಬೆಲೆ, ನೀರಿಗೆ ಹೆದರುವುದಿಲ್ಲ. ಅದರ ತೊಡಕು ಬೇರೆ: ಹತ್ತಿರದ 20ರಿಂದ 25 ಸೆಂ.ಮೀ. ಅದಕ್ಕೆ ಕುರುಡು ವಲಯ. 240 ಲೀಟರ್ ಚಕ್ರದ ಡಬ್ಬದ ಒಳ ಆಳ ಒಂದು ಮೀಟರಿಗೆ ತುಸು ಕಡಿಮೆ. ಅಂದರೆ ಮುಕ್ಕಾಲು ತುಂಬುವ ತನಕ ಸರಿಯಾದ ಅಳತೆ, ಆಮೇಲೆ ಏನೇನೋ ಸಂಖ್ಯೆ. ನಿಮಗೆ ಬೇಕಾದ ಹೊತ್ತಿಗೇ ಕಣ್ಣು ಮುಚ್ಚಿಕೊಳ್ಳುತ್ತದೆ. ಎಚ್ಚರಿಕೆಯ ಗೆರೆಯನ್ನು ಶೇ 70ಕ್ಕೆ ಇಡಿ, ಇಲ್ಲವೇ ಡಬ್ಬಕ್ಕೆ ಅಂಟಿಸದೆ ಕಸದ ಕೋಣೆಯ ಚಾವಣಿಯಿಂದ ಕಂಬಿ ಇಳಿಬಿಟ್ಟು, ತೆರೆದ ಡಬ್ಬದ ಬಾಯಿಗಿಂತ 30 ಸೆಂ.ಮೀ. ಮೇಲೆ ಕೂರಿಸಿ. ಎರಡನೆಯದೇ ಒಳ್ಳೆಯದು. ಡಬ್ಬ ಬೋರಲಾದರೂ ಸೆನ್ಸರಿಗೆ ಪೆಟ್ಟಿಲ್ಲ. ಡಬ್ಬ ಪ್ರತಿ ಸಲ ಅದೇ ಜಾಗಕ್ಕೆ ಬರುವಂತೆ ನೆಲಕ್ಕೆ ಬಣ್ಣದ ಚೌಕ ಬಳಿಯಿರಿ.

ಶಾಖದಿಂದ ಆಗುವ ತಪ್ಪು ಚಿಕ್ಕದು. 20 ಡಿಗ್ರಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಡಿಗ್ರಿಗೆ ಸುಮಾರು 0.6 ಮೀಟರ್ ಏರುತ್ತದೆ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಗೆ ಒಂದು ಮೀಟರಿನಲ್ಲಿ ಎರಡೂವರೆ ಸೆಂ.ಮೀ. ವ್ಯತ್ಯಾಸ, ಕಸದ ಕೆಲಸಕ್ಕೆ ಇದು ಲೆಕ್ಕಕ್ಕಿಲ್ಲ. ತಲೆನೋವು ಕೊಡುವುದು ಕಸದ ಆಕಾರ. ಇಳಿಜಾರು ಗುಡ್ಡೆ ಸದ್ದನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ, ಮೆತ್ತನೆ ಬಟ್ಟೆ ಹೀರಿಕೊಳ್ಳುತ್ತದೆ, ಜೇಡರ ಬಲೆಯೂ ಮರುಸದ್ದು ಕೊಡುತ್ತದೆ. ಆಯುಧಪೂಜೆಯ ಮರುದಿನ ಒಂದೇ ಒಂದು ಬಾಳೆಕಂದು ನೆಟ್ಟಗೆ ನಿಂತರೆ ಖಾಲಿ ಡಬ್ಬವೂ ತುಂಬಿದ ಡಬ್ಬ. ಪ್ರತಿ ಸಲ ಐದು ಅಳತೆ ತೆಗೆದು ನಡುವಿನದನ್ನು ಇಟ್ಟುಕೊಳ್ಳಿ. ಸತತ ಮೂರು ಗಂಟೆ ಗೆರೆ ದಾಟಿದ್ದರೆ ಮಾತ್ರ ಸಂದೇಶ ಹೋಗಲಿ.

ಲೇಸರ್, ರೇಡಾರ್

ಲೇಸರ್ ಬೆಳಕು ಹೋಗಿ ಮರಳಲು ಹಿಡಿದ ಹೊತ್ತು ಅಳೆಯುವ ವಿಎಲ್53ಎಲ್1ಎಕ್ಸ್ ಥರದ ಚಿಪ್ 4 ಮೀಟರ್‌ವರೆಗೆ ನೋಡುತ್ತದೆ, ಹತ್ತಿರದಲ್ಲೂ ಕುರುಡಲ್ಲ. 27 ಡಿಗ್ರಿ ಕೋನ, ಅಂದರೆ ಒಂದು ಮೀಟರ್ ಕೆಳಗೆ ಸುಮಾರು 48 ಸೆಂ.ಮೀ. ಅಗಲದ ಜಾಗ ಅದಕ್ಕೆ ಕಾಣುತ್ತದೆ. ಚಿಕ್ಕ ಡಬ್ಬಕ್ಕೆ, ಒಳಾಂಗಣದ ಒಣ ಕಸಕ್ಕೆ ನಮ್ಮ ಮತ ಇದಕ್ಕೇ. ಗಾಜು ಮಸುಕಾದರೆ ಮಾತ್ರ ಅದು ತನ್ನ ಮೂಗಿನ ಕೊಳೆಯನ್ನೇ ಕಸವೆಂದು ಅಳೆದು ‘ತುಂಬಿದೆ’ ಎಂದು ಕೂಗುತ್ತದೆ. ಬಿಸಿಲು ನೇರ ಬಿದ್ದರೆ ದೃಷ್ಟಿಯ ದೂರ ಕುಗ್ಗುತ್ತದೆ. ಕಪ್ಪು ಪಾಲಿಥಿನ್ ಚೀಲ ಅದರ ಅವಗೆಂಪು ಬೆಳಕನ್ನು ನುಂಗುತ್ತದೆ, ಅಳತೆ ಅಲುಗಾಡುತ್ತದೆ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸುವವರು ಇಲ್ಲವೆಂದರೆ ಇದನ್ನು ಬಿಡಿ.

ರೇಡಿಯೊ ಅಲೆಯಿಂದ ದೂರ ಅಳೆಯುವ ರೇಡಾರ್ ಪ್ಲಾಸ್ಟಿಕ್ ಮುಚ್ಚಳದ ಹೊರಗೇ ಕೂತು ಒಳಗಿನದನ್ನು ನೋಡಬಲ್ಲದು. ಕೊಳೆ, ಆವಿ, ಕತ್ತಲು ಯಾವುದರ ಗೊಡವೆಯೂ ಇಲ್ಲ. ಬೆಲೆ ಹಲವು ಪಟ್ಟು. ಲೋಹದ ಮುಚ್ಚಳವನ್ನು ದಾಟದು, ಲೋಹದ ಗೋಡೆಯೊಳಗೆ ಕೂರಿಸಿದರೆ ಪ್ರತಿಫಲನಗಳ ಗಲಾಟೆ. ನೆಲದಡಿಯ ದೊಡ್ಡ ತೊಟ್ಟಿಯಂತೆ ಇಳಿದು ಒರೆಸಲು ಆಗದ ಕಡೆ ಮಾತ್ರ ಇದಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ.

ತೂಕ: ಸಂಘಗಳಿಗೆ ನಿಜವಾಗಿ ಕೆಲಸಕ್ಕೆ ಬರುವುದು

ಘನತ್ಯಾಜ್ಯ ನಿಯಮದ ಪ್ರಕಾರ ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸ ಹುಟ್ಟುವ ಜಾಗ ಸಗಟು ಉತ್ಪಾದಕರ ಸಾಲಿಗೆ ಸೇರುತ್ತದೆ. ಒಬ್ಬರಿಗೆ ದಿನಕ್ಕೆ 250 ಗ್ರಾಂ ಹಸಿ ಕಸ, ಮನೆಗೆ ನಾಲ್ಕು ಜನ ಎಂದು ಹಿಡಿದರೆ ನೂರು ಮನೆಯ ಅಪಾರ್ಟ್‌ಮೆಂಟ್ ಹಸಿ ಕಸದಲ್ಲೇ ಆ ಗೆರೆ ಮುಟ್ಟಿತು. ಖಾಸಗಿಯವರಿಗೆ ಕೆ.ಜಿ. ಲೆಕ್ಕದಲ್ಲಿ ಹಣ ಕೊಡುವವರಿಗೆ, ಸ್ವಂತ ಗೊಬ್ಬರದ ಘಟಕ ಎಷ್ಟು ದೊಡ್ಡದಿರಬೇಕು ಎಂದು ತಿಳಿಯಬೇಕಾದವರಿಗೆ, ಯಾವ ಬ್ಲಾಕಿನಲ್ಲಿ ಹಸಿ ಕಸಕ್ಕೆ ಒಣ ಕಸ ಬೆರೆಯುತ್ತಿದೆ ಎಂದು ಹುಡುಕುವವರಿಗೆ ದಿನದ ತೂಕವೇ ದಾಖಲೆ. ಅದೇ 240 ಲೀಟರ್ ಡಬ್ಬ ನಿನ್ನೆ 80 ಕೆ.ಜಿ. ಇದ್ದದ್ದು ಇವತ್ತು ತುಂಬಿಯೂ 45 ಕೆ.ಜಿ. ತೂಗಿದರೆ ಒಳಗೆ ಪ್ಲಾಸ್ಟಿಕ್ ಇದೆ ಎಂದು ಮುಚ್ಚಳ ತೆಗೆಯದೆ ಹೇಳಬಹುದು. ಬೆರಕೆ ಕಸವನ್ನು ಹೀಗೆ ಅಗ್ಗಕ್ಕೆ ಹಿಡಿಯುವ ಬೇರೆ ಸೆನ್ಸರ್ ಇಲ್ಲ.

ಇಲ್ಲಿ ಎರಡು ದಾರಿ. ಒಂದು, ಭಾರಕ್ಕೆ ಬಾಗಿ ತೂಕ ಹೇಳುವ 50 ಕೆ.ಜಿ.ಯ ನಾಲ್ಕು ಲೋಡ್ ಸೆಲ್ ಮತ್ತು ಅವುಗಳ ಅಳತೆ ಓದುವ ಎಚ್‌ಎಕ್ಸ್711 ಬೋರ್ಡು ಸೇರಿಸಿ ಪ್ರತಿ ಡಬ್ಬದ ಕೆಳಗೆ ಹಲಗೆ ಮಾಡುವುದು. ಬಿಡಿಭಾಗ ಐನೂರು ರೂಪಾಯಿಯ ಒಳಗೆ, ಒಟ್ಟು ತೂಕದ ಮಿತಿ 200 ಕೆ.ಜಿ. ಯುರೋಪಿನ ಡಬ್ಬದ ಮಾನಕದಲ್ಲಿ 240 ಲೀಟರಿಗೆ 96 ಕೆ.ಜಿ. ಮಿತಿ ಇರುವುದರಿಂದ ಮೇಲ್ನೋಟಕ್ಕೆ ಧಾರಾಳ. ಆದರೆ ಡಬ್ಬವನ್ನು ದಡಕ್ಕನೆ ಇಳಿಸಿದ ಹೊಡೆತ ಆ ಮಿತಿಯನ್ನು ಕ್ಷಣಕ್ಕೆ ದಾಟುತ್ತದೆ, ಲೋಹ ಬಗ್ಗಿ ಸೊನ್ನೆ ಸರಿಯುತ್ತದೆ. ಹಲಗೆಯಡಿ ರಸ ಇಳಿದು ತುಕ್ಕು, ಇಲಿ ಕಡಿದ ವೈರು. ಬಯಲಲ್ಲಿ ಇಟ್ಟು ಮುಚ್ಚಳ ಮರೆತರೆ 50 ಮಿ.ಮೀ. ಸುರಿದ ಒಂದು ಸಂಜೆ ಮಳೆಗೆ ಡಬ್ಬ ಹತ್ತು ಕೆ.ಜಿ.ಗೂ ಹೆಚ್ಚು ಭಾರವಾಗುತ್ತದೆ, ಆ ನೀರಿಗೂ ನೀವು ಬಿಲ್ ಕಟ್ಟುತ್ತೀರಿ.

ಎರಡನೆಯ ದಾರಿ, ಕಸದ ಕೋಣೆಯ ಬಾಗಿಲಲ್ಲಿ 300 ಕೆ.ಜಿ.ಯ ಒಂದೇ ಪ್ಲಾಟ್‌ಫಾರ್ಮ್ ತಕ್ಕಡಿ. ಎಲ್ಲ ಡಬ್ಬ ಹೊರಹೋಗುವಾಗ ಅದರ ಮೇಲೆ ಹಾಯುತ್ತವೆ. ತೂಕವನ್ನು ವೈರಿನಲ್ಲಿ ಹೊರಕಳಿಸುವ ಸೀರಿಯಲ್ ಪೋರ್ಟ್ ಇರುವ ಮಾದರಿ ಕೊಂಡರೆ ಚಿಕ್ಕ ಬೋರ್ಡೊಂದು ತೂಕವನ್ನು ಓದಿ ವೈಫೈ ಮೂಲಕ ಕಂಪ್ಯೂಟರಿನ ಲೆಕ್ಕದ ಶೀಟಿಗೆ ಬರೆಯುತ್ತದೆ. ಬೆಲೆ ಹೆಚ್ಚು, ಆದರೆ ಹತ್ತು ಡಬ್ಬಕ್ಕೆ ಒಂದೇ ಸಾಕು. ಇನ್ನೊಂದು ಕಾರಣವೂ ಇದೆ: ಹಣದ ಲೆಕ್ಕಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಮನೆಯಲ್ಲಿ ಮಾಡಿದ ಹಲಗೆಯ ತೂಕ ತೋರಿಸಿ ಬಿಲ್ ಪ್ರಶ್ನಿಸಿದರೆ ಗುತ್ತಿಗೆದಾರ ನಗುತ್ತಾನೆ, ಅವನು ನಗುವುದು ನ್ಯಾಯವೂ ಹೌದು.

ಎರಡರಲ್ಲಿ ಯಾವುದಾದರೂ ತಿಂಗಳಿಗೊಮ್ಮೆ ತೂಕ ಗೊತ್ತಿರುವ ವಸ್ತು ಇಟ್ಟು ನೋಡಿ. ಮೊಹರು ಒಡೆಯದ 25 ಕೆ.ಜಿ. ಅಕ್ಕಿ ಚೀಲ ಸಾಕು. ರಾತ್ರಿ ತಾನೇ ಸೊನ್ನೆಗೆ ತಿರುಗುವ ವ್ಯವಸ್ಥೆ ಮಾತ್ರ ಇಡಬೇಡಿ. ತಳದಲ್ಲಿ ಅಂಟಿ ಉಳಿದ ಕಸ ದಿನದಿನಕ್ಕೆ ಲೆಕ್ಕದಿಂದ ಮಾಯವಾಗುತ್ತದೆ.

ಗಾಡಿ ಬಂತೋ ಇಲ್ಲವೋ

ಒಂಟಿ ಮನೆಗಳ ಬೀದಿಗೆ ನಿಜವಾದ ಕೊರತೆ ಇದು, ಡಬ್ಬ ತುಂಬುವುದಲ್ಲ. ಇದಕ್ಕೆ ಟಿಪ್ಪರಿನ ಜಿಪಿಎಸ್ ಮತ್ತು ಗೇಟಿನ ಗುರುತು, ಇವೆರಡರ ನಡುವೆ ಆಯ್ಕೆ. ಜಿಪಿಎಸ್ ಗಾಡಿ ಬೀದಿಗೆ ಬಂದದ್ದನ್ನು ಹೇಳುತ್ತದೆ. ಚಿಕ್ಕಪೇಟೆಯಂಥ ಕಿರುಗಲ್ಲಿಯಲ್ಲಿ ಅದು ಪಕ್ಕದ ಗಲ್ಲಿಯನ್ನೇ ತೋರಿಸಬಹುದು, ಆದ್ದರಿಂದ ಗಾಡಿ ಹಾದುಹೋದದ್ದನ್ನಲ್ಲ, ಎರಡು ನಿಮಿಷವಾದರೂ ನಿಂತದ್ದನ್ನು ಎಣಿಸಿ.

ಗೇಟಿನ ಕ್ಯೂಆರ್ ಕೋಡ್ ಬಹುತೇಕ ಪುಕ್ಕಟೆ, ಮೋಸವೂ ಅಷ್ಟೇ ಸುಲಭ: ಇಡೀ ಬೀದಿಯ ಕೋಡುಗಳ ಫೋಟೊ ತೆಗೆದುಕೊಂಡು ಟೀ ಅಂಗಡಿಯಲ್ಲಿ ಕೂತು ಸ್ಕ್ಯಾನ್ ಮಾಡಬಹುದು. ಸ್ಕ್ಯಾನ್ ಜತೆ ಸ್ಥಳವೂ ದಾಖಲಾಗಬೇಕು, ಎರಡು ಮನೆಗಳ ನಡುವೆ ಐದು ಸೆಕೆಂಡಿನ ಅಂತರ ಕಂಡರೆ ತಿರಸ್ಕರಿಸಬೇಕು. 865–867 ಮೆಗಾಹರ್ಟ್ಸ್‌ನ ಆರ್‌ಎಫ್‌ಐಡಿ ಟ್ಯಾಗ್ ರೇಡಿಯೊ ಅಲೆಯ ಮೂಲಕ ಕೆಲವು ಮೀಟರ್ ದೂರದಿಂದಲೇ ಓದಿಸಿಕೊಳ್ಳುತ್ತದೆ, ಪೌರಕಾರ್ಮಿಕರು ಕೈಗವಸು ತೆಗೆದು ಫೋನು ಹಿಡಿಯಬೇಕಿಲ್ಲ. ಸಾಧಾರಣ ಟ್ಯಾಗನ್ನು ಕಬ್ಬಿಣದ ಗೇಟಿಗೆ ನೇರ ಅಂಟಿಸಿದರೆ ಸತ್ತಂತೆಯೇ. ಲೋಹಕ್ಕೆಂದೇ ಮಾಡಿದ ಟ್ಯಾಗ್ ಕೊಳ್ಳಿ, ಇಲ್ಲವೇ ಕಾಂಪೌಂಡಿನ ಗೋಡೆಗೆ ಹಾಕಿ. ಎರಡೂ ಹೇಳುವುದು ‘ಬಂದರು’ ಎಂದಷ್ಟೇ, ‘ಕಸ ಒಯ್ದರು’ ಎಂದಲ್ಲ. ದೊಡ್ಡ ಡಬ್ಬಕ್ಕಾದರೆ ವಾಲಿದ್ದನ್ನು ಗುರುತಿಸುವ ಒಂದು ಆಕ್ಸೆಲೆರೋಮೀಟರ್ ಕೂರಿಸಿ: ಡಬ್ಬ 100 ಡಿಗ್ರಿಗಿಂತ ಹೆಚ್ಚು ಬಾಗಿ ಮರಳಿ ನಿಂತಿತು ಎಂದರೆ ಖಾಲಿಯಾಯಿತು. ಹತ್ತಾರು ಮೈಕ್ರೋಆಂಪಿನಲ್ಲಿ ನಡೆಯುತ್ತದೆ, ಮೋಸ ಮಾಡುವುದೂ ಕಷ್ಟ.

ಕ್ಯಾಮೆರಾ, ವಾಸನೆ

ಜನ ಕದ್ದು ಕಸ ಎಸೆಯುವ ಮೂಲೆಗೆ, ಅಂದರೆ ಬ್ಲ್ಯಾಕ್ ಸ್ಪಾಟಿಗೆ, ಎಲ್ಲರ ಮೊದಲ ಆಸೆ ಕ್ಯಾಮೆರಾ. ಬೀದಿದೀಪದ ಕಂಬಕ್ಕೆ ಕಟ್ಟಿದರಾಯಿತು ಎನ್ನುವವರು ಒಂದು ಮರೆಯುತ್ತಾರೆ: ಆ ಲೈನಿಗೆ ಸಾಮಾನ್ಯವಾಗಿ ಸಂಜೆಯಿಂದ ಬೆಳಗಿನ ತನಕ ಮಾತ್ರ ಕರೆಂಟು. ಬೆಳಗ್ಗೆ ಏಳಕ್ಕೆ ಆಫೀಸಿಗೆ ಹೊರಟವರು ಸ್ಕೂಟರಿನಿಂದ ಚೀಲ ಎಸೆಯುವ ಹೊತ್ತಿಗೆ ಕ್ಯಾಮೆರಾ ನಿದ್ದೆಯಲ್ಲಿರುತ್ತದೆ. ಬ್ಯಾಟರಿ ಅಥವಾ ಬೇರೆ ಸಂಪರ್ಕ ಬೇಕೇಬೇಕು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬಿಡದೆ ಚಿತ್ರಿಸಿದರೆ ದಿನಕ್ಕೆ 21.6 ಜಿಬಿ; ಸಿಮ್ ಮೇಲೆ ಕಳಿಸುವ ಮಾತೇ ಇಲ್ಲ, ಚಲನೆ ಕಂಡಾಗಿನ ತುಣುಕು ಮಾತ್ರ ಸ್ಥಳದಲ್ಲೇ ಉಳಿಸಿ. ರಾತ್ರಿ ನಂಬರ್ ಪ್ಲೇಟ್ ಓದಬೇಕಾದರೆ ಅದಕ್ಕೆಂದೇ ಇನ್ನೊಂದು ಕ್ಯಾಮೆರಾ ತಗ್ಗಿನಲ್ಲಿ ಇರಬೇಕು. ಎದುರು ಮನೆಯ ಬಾಗಿಲು ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳಿ. ಇಷ್ಟು ದುಡ್ಡು ಹಾಕುವ ಮೊದಲು ಆ ಬೀದಿಗೆ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡಿ. ಜನ ಕೆಲಸಕ್ಕೆ ಹೋದ ಮೇಲೆ ಬರುವ ಗಾಡಿ ಬ್ಲ್ಯಾಕ್ ಸ್ಪಾಟಿನ ತಾಯಿ.

ವಾಸನೆ ಹಿಡಿಯುವ ಎಂಕ್ಯು ಸರಣಿಯ ಅನಿಲ ಸೆನ್ಸರ್ ಬೇಡ. ಒಳಗಿನ ಹೀಟರ್ ಒಂದಕ್ಕೇ 5 ವೋಲ್ಟಿನಲ್ಲಿ ಸುಮಾರು 160 ಮಿಲಿಆಂಪ್ ಬೇಕು, ದಿನಕ್ಕೆ 3.8 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಕರೆಂಟು ತುಂಬಿದೆ ಎಂಬುದರ ಅಳತೆ). ಇದರ ಬದಲು ಒಣ ಎಲೆ, ರಟ್ಟು ರಾಶಿ ಹಾಕುವ ಕಡೆ ಶಾಖ ಅಳೆಯುವ ಇಪ್ಪತ್ತು ರೂಪಾಯಿಯ ಥರ್ಮಿಸ್ಟರ್ ಇಡಿ. 60 ಡಿಗ್ರಿ ದಾಟಿದರೆ ಕೂಗಲಿ, ಬೆಂಕಿ ಮೊದಲೇ ಗೊತ್ತಾಗುತ್ತದೆ.

ಸುದ್ದಿ ಮುಟ್ಟಿಸುವುದು ಹೇಗೆ

ಕಸದ ಕೋಣೆಯಲ್ಲಿ ಪ್ಲಗ್ ಪಾಯಿಂಟ್, ವೈಫೈ ಇದ್ದರೆ ಚರ್ಚೆ ಅಲ್ಲಿಗೆ ಮುಗಿಯಿತು. ಬ್ಯಾಟರಿಯ ಸಹವಾಸಕ್ಕೆ ಹೋಗಬೇಡಿ. ಇಲ್ಲದಿದ್ದರೆ ಲೋರಾ (ಕಡಿಮೆ ಕರೆಂಟಿನಲ್ಲಿ ಚಿಕ್ಕ ಸುದ್ದಿಯನ್ನು ದೂರ ಕಳಿಸುವ ರೇಡಿಯೊ) ಮತ್ತು 4ಜಿ ಸಿಮ್ ನಡುವೆ ಆಯ್ಕೆ. ಗಂಟೆಗೊಮ್ಮೆ ಸುದ್ದಿ ಕಳಿಸುವ ಲೆಕ್ಕ ನೋಡಿ. ಲೋರಾದಲ್ಲಿ ಒಂದು ಸಲಕ್ಕೆ 40 ಮಿಲಿಆಂಪ್ ಒಂದು ಸೆಕೆಂಡು. ನಿದ್ದೆಯ ಖರ್ಚೂ ಸೇರಿ ದಿನಕ್ಕೆ ಅರ್ಧ ಮಿಲಿಆಂಪ್-ಅವರ್ ಚಿಲ್ಲರೆ. 4ಜಿ ನೆಟ್‌ವರ್ಕ್ ಹುಡುಕಿ ಸೇರಲು 30 ಸೆಕೆಂಡು, ಸರಾಸರಿ 150 ಮಿಲಿಆಂಪ್ ಎಂದರೂ ದಿನಕ್ಕೆ 30 ಮಿಲಿಆಂಪ್-ಅವರ್. ಅಂದರೆ 19 ಆಂಪಿಯರ್-ಅವರಿನ ದಪ್ಪ ಲಿಥಿಯಂ ಸೆಲ್ ಲೋರಾದಲ್ಲಿ ಹಲವು ವರ್ಷ, 4ಜಿಯಲ್ಲಿ ಎರಡು ವರ್ಷಕ್ಕೂ ಕಡಿಮೆ. ಅದೂ ಆ ಸೆಲ್ ಒಮ್ಮೆಲೇ ಹೆಚ್ಚು ಕರೆಂಟು ಕೊಡಲಾರದು, ಜತೆಗೆ ಕರೆಂಟು ಕೂಡಿಟ್ಟು ಒಮ್ಮೆಲೇ ಬಿಡುವ ಕೆಪಾಸಿಟರ್ ಇಲ್ಲದಿದ್ದರೆ ಕಳಿಸುವ ಕ್ಷಣಕ್ಕೇ ಬೋರ್ಡು ರೀಸೆಟ್ ಆಗುತ್ತದೆ. ಅಗ್ಗವೆಂದು 2ಜಿ ಮಾಡ್ಯೂಲ್ ಕೊಳ್ಳುವವರು ಗಮನಿಸಿ: ಅದು ಕ್ಷಣಕ್ಕೆ 2 ಆಂಪ್ ಎಳೆಯುತ್ತದೆ, ಜಿಯೊ ಸಿಮ್ ಅದರಲ್ಲಿ ನಡೆಯುವುದಿಲ್ಲ.

ಲೋರಾಕ್ಕೆ ತಾರಸಿಯ ಮೇಲೆ ಡಬ್ಬಗಳ ಸುದ್ದಿ ಹಿಡಿದು ಇಂಟರ್ನೆಟ್ಟಿಗೆ ದಾಟಿಸುವ ಗೇಟ್‌ವೇ ಬೇಕು, ಹದಿನೈದು ಸಾವಿರ ರೂಪಾಯಿಯಿಂದ ಮೇಲೆ. ಐದಾರು ಡಬ್ಬಕ್ಕೆ ಅದು ದುಬಾರಿ, ಐವತ್ತಕ್ಕೆ ಅಗ್ಗ. ಎರಡನೇ ನೆಲಮಾಳಿಗೆಯ ಡಬ್ಬದಿಂದ ತಾರಸಿಗೆ ಸಿಗ್ನಲ್ ಹತ್ತುವುದು ಅನುಮಾನ. ಕೊಳ್ಳುವ ಮುಂಚೆ ಒಂದು ಬೋರ್ಡನ್ನು ಮುಚ್ಚಳ ಹಾಕಿದ ಡಬ್ಬದೊಳಗೇ ಇಟ್ಟು ಪರೀಕ್ಷಿಸಿ.

ಯಾರಿಗೆ ಯಾವುದು

ಐವತ್ತು ಮನೆಯೊಳಗಿನ ಅಪಾರ್ಟ್‌ಮೆಂಟಿಗೆ ಸೆನ್ಸರೇ ಬೇಡ. ಮುದ್ರೆಯಿರುವ ತಕ್ಕಡಿ, ಒಂದು ಪುಸ್ತಕ, ಒಂದು ಪೆನ್ನು. ನೂರು ಮನೆ ದಾಟಿದವರು ಪ್ಲಾಟ್‌ಫಾರ್ಮ್ ತಕ್ಕಡಿಗೆ ವೈಫೈ ಬೋರ್ಡು ಹಾಕಿ, ಒಣ ಕಸದ ಕೋಣೆಗೆ ಚಾವಣಿಯಿಂದ ಒಂದು ಅಲ್ಟ್ರಾಸಾನಿಕ್ ಇಳಿಬಿಡಿ. ಕಲ್ಯಾಣ ಮಂಟಪಕ್ಕೆ ಮಟ್ಟದ ಸೆನ್ಸರ್ ವ್ಯರ್ಥ, ಮುಹೂರ್ತದ ದಿನ ಡಬ್ಬ ತುಂಬುವುದು ಪಂಚಾಂಗದಲ್ಲೇ ಇದೆ. ತೂಕ ಮಾತ್ರ ಸಾಕು. ಹತ್ತಾರು ಕಟ್ಟಡ, ನೂರು ಡಬ್ಬದ ಟೆಕ್ ಪಾರ್ಕಿಗೆ ಲೋರಾ, ಲೇಸರ್ ಎರಡೂ ಸಲ್ಲುತ್ತವೆ. ಅಲ್ಲಿ ಒರೆಸುವವರಿದ್ದಾರೆ, ಸುತ್ತು ಕಡಿಮೆಯಾದರೆ ಕೂಲಿಯ ಹೊತ್ತು ಉಳಿಯುತ್ತದೆ. ಕಬ್ಬನ್ ಪಾರ್ಕಿನಂಥ ಉದ್ಯಾನದಲ್ಲಿ ಎಲೆ ಉದುರುವ ಕಾಲಕ್ಕೂ ಮಳೆಗಾಲಕ್ಕೂ ತುಂಬುವ ವೇಗ ಅಜಗಜಾಂತರ, ಮಟ್ಟದ ಸೆನ್ಸರಿಗೆ ನಗರದಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೆ.ಆರ್. ಮಾರುಕಟ್ಟೆಯಂಥ ಕಡೆ ಕಸ ಡಬ್ಬದೊಳಗೆ ಇರುವುದೇ ಕಡಿಮೆ. ಹೊರಡುವ ಗಾಡಿಯ ತೂಕ ಅಳೆಯಿರಿ.

ಎಚ್ಚರಿಕೆಯ ಗೆರೆ ಎಲ್ಲಿಡಬೇಕು ಎಂಬುದಕ್ಕೆ ಸರಳ ಲೆಕ್ಕ ಹೀಗೆ. ದಿನಕ್ಕೆ ಶೇ 12 ತುಂಬುವ 1100 ಲೀಟರ್ ಒಣ ಕಸದ ಡಬ್ಬ, ಕರೆದ ಮೇಲೆ ಗಾಡಿ ಬರಲು ಎರಡು ದಿನ. ನೂರರಿಂದ 24 ಕಳೆಯಿರಿ, ಹಬ್ಬಕ್ಕೆಂದು ಇನ್ನೊಂದು 10 ಕಳೆಯಿರಿ. ಶೇ 66 ನಿಮ್ಮ ಗೆರೆ. ಮಾರಾಟಗಾರ ಇಟ್ಟುಕೊಟ್ಟ 90ನ್ನು ಹಾಗೇ ಬಿಟ್ಟರೆ ಸಂದೇಶ ಬರುವ ಹೊತ್ತಿಗೆ ರಟ್ಟಿನ ಪೆಟ್ಟಿಗೆಗಳು ನೆಲದ ಮೇಲಿರುತ್ತವೆ.

ಸಿದ್ಧ ಉಪಕರಣ ಕೊಳ್ಳುವವರು ಚಂದಾ ನಿಲ್ಲಿಸಿದರೆ ಸೆನ್ಸರ್ ನಡೆಯುತ್ತದೆಯೇ, ಮಾಹಿತಿಯನ್ನು ಶೀಟಿಗೆ ಇಳಿಸಿಕೊಳ್ಳಬಹುದೇ, ಬ್ಯಾಟರಿ ನಾವೇ ಬದಲಾಯಿಸಬಹುದೇ, ಈ ಮೂರನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ. ಪೆಟ್ಟಿಗೆ ದೂಳು, ನೀರು ಒಳಗಿಳಿಯದ ಐಪಿ67 ದರ್ಜೆಯದಾಗಿರಲಿ, ಸ್ಕ್ರೂ ಸ್ಟೇನ್‌ಲೆಸ್ ಇರಲಿ. ಕೂರಿಸಿದ ಮೇಲೆ 14 ದಿನ ಹೌಸ್‌ಕೀಪಿಂಗ್‌ನವರ ಕೈಯಲ್ಲಿ ದಿನಕ್ಕೆರಡು ಸಲ ಕಣ್ಣಂದಾಜನ್ನು ಪುಸ್ತಕದಲ್ಲಿ ಬರೆಸಿ: ಕಾಲು, ಅರ್ಧ, ಮುಕ್ಕಾಲು, ತುಂಬಿದೆ. 28 ದಾಖಲೆಯಲ್ಲಿ ಮೂರಕ್ಕಿಂತ ಹೆಚ್ಚು ಕಡೆ ಸೆನ್ಸರ್ ಬೇರೆ ಹೇಳಿದ್ದರೆ ಕೊನೆಯ ಕಂತು ತಡೆಹಿಡಿದು ಮಾರಾಟಗಾರನನ್ನು ಡಬ್ಬದ ಹತ್ತಿರಕ್ಕೇ ಕರೆಸಿ.